ಏಪ್ರಿಲ್ ಒಂದರ ಹಾಜರಿ

“ಏ ರಂಡಿ, ಪೆನ್ನು ಹಿಡಕೊಂಡು ಏನ್ ಮಾರಿ ನೋಡಾಕತ್ತಿ? ಸಹಿ ಗೀಚಿ ನಡಿ. ನಿನ್ನ ಹಿಂದ ನಲವತ್ತ ಮಂದಿ ನಿಂತಾರ.”

ಮಹೇಶಕುಮಾರ ಬೈದದ್ದು ಅಂಬಕ್ಕನಿಗೆ. ಅವನು ನಮ್ಮ ಗುತ್ತಿಗೆ ಏಜೆನ್ಸಿಯ ಸೂಪರ್‌ವೈಸರ್. ಬೀದರ್ ಕಡೆಯ ಮನೆತನ, ಓದಿದ್ದೆಲ್ಲ ಇಲ್ಲೇ ಸಿಕಂದರಾಬಾದಿನ ತೆಲುಗು ಶಾಲೆಯಲ್ಲಿ. ಕನ್ನಡ ಓದಲು ಬಾರದು, ಬೈಯಲು ಚೆನ್ನಾಗಿ ಬರುತ್ತದೆ. ಪಕ್ಕದ ಕುರ್ಚಿಯಲ್ಲಿ ಬೇಗಂಪೇಟೆ ಆಫೀಸಿನಿಂದ ಬಂದ ಮ್ಯಾನೇಜರ್ ಸಾಹೇಬರು ಮೊಬೈಲ್ ನೋಡುತ್ತ ಕೂತಿದ್ದರು. ಅವರಿಗೆ ನಮ್ಮ ಮಾತೇ ತಿಳಿಯದು.

ಅಂಬಕ್ಕ, ಅಂದರೆ ಅಂಬುಬಾಯಿ, ಈ ಸರ್ಕಾರಿ ದವಾಖಾನೆಯ ಹೆರಿಗೆ ವಾರ್ಡಿನಲ್ಲಿ ಹದಿನಾಲ್ಕು ವರ್ಷದಿಂದ ಆಯಾ. ನಾನು ವಿಶಾಲಾಕ್ಷಿ, ಹನ್ನೊಂದು ವರ್ಷದಿಂದ. ಇಬ್ಬರೂ ಗುತ್ತಿಗೆಯವರು. ನಮ್ಮ ಜೊತೆಗಿರುವ ಸುಂದರಾಬಾಯಿ ಪರ್ಮನೆಂಟ್. ರಕ್ತ ಒರೆಸುವುದು ಮೂವರಿಗೂ ಒಂದೇ, ಸಂಡಾಸು ತೊಳೆಯುವುದೂ ಒಂದೇ. ತಿಂಗಳು ತುಂಬಿದರೆ ಅವಳಿಗೆ ಐವತ್ತೆರಡು ಸಾವಿರ, ನಮಗೆ ಹದಿನೈದು ಸಾವಿರದ ಆರುನೂರು. ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಸುಳ್ಳು ಯಾಕೆ, ಸಿಟ್ಟಿದೆ.

ನಮ್ಮ ಗುತ್ತಿಗೆ ಪ್ರತಿ ವರ್ಷ ಮಾರ್ಚ್ ಮೂವತ್ತೊಂದಕ್ಕೆ ಮುಗಿಯುತ್ತದೆ. ಮತ್ತೆ ಶುರುವಾಗುವುದು ಏಪ್ರಿಲ್ ಎರಡಕ್ಕೆ. ನಡುವಿನ ಒಂದು ದಿನಕ್ಕೆ ‘ಬ್ರೇಕ್’ ಅನ್ನುತ್ತಾರೆ. ಬಿಡುವಿಲ್ಲದೆ ಇಷ್ಟು ವರ್ಷ ದುಡಿದಿದ್ದೇವೆ ಎಂದು ನಾವು ಯಾರೂ ಪರ್ಮನೆಂಟ್ ಕೇಳಬಾರದು, ಅದಕ್ಕೆ ಮಾಡಿಟ್ಟ ದಿನ. ಆ ದಿನ ಹಾಜರಿ ಇಲ್ಲ, ಪಗಾರ ಇಲ್ಲ. ಆದರೆ ಬಸುರಿಯರು ಬ್ರೇಕ್ ನೋಡಿಕೊಂಡು ಹಡೆಯುತ್ತಾರೆಯೇ? ಕೆಲಸಕ್ಕೆ ಬರಲೇಬೇಕು. ಬರದಿದ್ದವರಿಗೆ ಮುಂದಿನ ವರ್ಷದ ಹೊಸ ಆರ್ಡರ್ ಸಿಗುವುದಿಲ್ಲ.

ಈ ವರ್ಷ ನಮ್ಮ ಸಂಘದವರು ಕೋರ್ಟಿಗೆ ಹೋದರು. ಹತ್ತು ವರ್ಷ ದುಡಿದವರನ್ನು ಪರ್ಮನೆಂಟ್ ಮಾಡಿ ಎಂದು ಕೇಳಿದರು. ಏಜೆನ್ಸಿ ಕೂಡಲೇ ಒಂದು ಕಾಗದ ಅಚ್ಚು ಹಾಕಿಸಿತು, ತೆಲುಗಿನಲ್ಲಿ. ‘ಇದುವರೆಗಿನ ಪ್ರತಿ ಏಪ್ರಿಲ್ ಒಂದರಂದು ನಾನು ಮನೆಯಲ್ಲಿದ್ದೆ, ದವಾಖಾನೆಯಲ್ಲಿ ಕೆಲಸ ಮಾಡಿಲ್ಲ.’ ಸಹಿ ಹಾಕಿದವರಿಗೆ ಆರ್ಡರ್, ಹಾಕದವರು ಮನೆಗೆ. ಸಹಿಗೆ ಕರೆದದ್ದಾದರೂ ಯಾವತ್ತು? ಏಪ್ರಿಲ್ ಒಂದಕ್ಕೇ! ಡ್ಯೂಟಿ ಸೀರೆ ಉಟ್ಟು, ಕೈಗೆ ಫಿನಾಯಿಲ್ ವಾಸನೆ ಅಂಟಿಸಿಕೊಂಡು, ನಾವು ಮನೆಯಲ್ಲಿದ್ದೇವೆ ಎಂದು ಬರೆದುಕೊಟ್ಟೆವು.

ಸಹಿ ಹಾಕಿದ ಮೊದಲ ಹತ್ತು ಮಂದಿಯಲ್ಲಿ ನಾನೂ ಇದ್ದೆ. ಕೋರ್ಟು ಯಾವ ಕಾಲಕ್ಕೆ ತೀರ್ಪು ಕೊಡುತ್ತದೋ, ಆ ಐವತ್ತು ಸಾವಿರ ಕಂಡವರು ಯಾರು? ಈ ಹದಿನೈದು ಸಾವಿರದಲ್ಲಿ ಬಾಡಿಗೆ ಇದೆ, ರೇಷನ್ ಇದೆ, ಮಗಳು ವಿಜಯಶ್ರೀಯ ಕೋಚಿಂಗ್ ಇದೆ. ದಿಲ್‌ಸುಖ್‌ನಗರದಲ್ಲಿ ಅವಳು ಓದುತ್ತಿರುವುದು ಪರ್ಮನೆಂಟ್ ನೌಕರಿಯ ಪರೀಕ್ಷೆಗೆ.

ಬೆಳಿಗ್ಗೆ ವಾರ್ಡಿನಲ್ಲಿ ಆ ಕಾಗದವನ್ನು ಅಂಬಕ್ಕನಿಗೆ ಓದಿ ಹೇಳಿದವಳೂ ನಾನೇ.

“ಹಾಕ್ಲ್ಯೋ ಬ್ಯಾಡೋ, ವಿಶಾಲಿ?”

“ಹಾಕಿಬಿಡ ಅಕ್ಕಾ. ಹನುಮಂತ ಮಾಮಾಗ ಲಕ್ವಾ ಹೊಡದೈತಿ. ಗುಳಿಗಿಗೆ ರೊಕ್ಕ ಎಲ್ಲಿಂದ ತರತಿ?”

“ಅಲ್ಲಿಂದ ಇಲ್ಲೀತನಕ ಎಲ್ಲಾ ವರ್ಷದ್ದೂ ಹಾಕಬೇಕೇನು?”

“ಹೂಂ.”

“ಭಕ್ತಿ ಹ್ವಾದ ವರ್ಷದ್ದೂ?”

ನಾನು ಬಟ್ಟೆ ಹಿಂಡಿಕೊಂಡು ನೆಲ ಒರೆಸತೊಡಗಿದೆ.

ಭಕ್ತಿ ಅವಳ ಮಗಳು. ನಾಲ್ಕು ವರ್ಷದ ಹಿಂದೆ ಹನ್ನೊಂದು ತುಂಬಿತ್ತು. ಮೂರು ದಿನದ ಜ್ವರ ಬ್ರೇಕ್ ದಿನ ನೆತ್ತಿಗೇರಿತು. ಅಂಬಕ್ಕ ನಸುಕಿನಲ್ಲೇ ಮಹೇಶಕುಮಾರನಿಗೆ ಫೋನ್ ಮಾಡಿ ಅಂಗಲಾಚಿದ್ದಳು. “ಬರದಿದ್ರ ಮನ್ಯಾಗs ಇರು, ನಾಳೆನೂ ಬರಬ್ಯಾಡ” ಅಂದಿದ್ದ. ಗಂಡ ಹನುಮಂತ ಆಗ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದ. ಕೂಸಿನ ಹಣೆಗೆ ಒದ್ದೆ ಬಟ್ಟೆ ಹಾಕಿ, ಸಂಜೆ ಇಲ್ಲಿಗೇ ಕರೆತಂದು ಡಾಕ್ಟರಿಗೆ ತೋರಿಸುತ್ತೇನೆಂದು ಬಂದಳು. ಮಧ್ಯಾಹ್ನ ಎರಡಕ್ಕೆ ಪಕ್ಕದ ಮನೆಯವರ ಫೋನ್ ಬಂತು. ಅಂಬಕ್ಕ ಒಳಗೆ ಸಂಡಾಸು ತೊಳೆಯುತ್ತಿದ್ದಳು. ಫೋನ್ ಎತ್ತಿದವಳು ನಾನು. ಒಳಗೆ ಹೋಗಿ ಹೇಳಿದವಳೂ ನಾನು. ಅವಳು ಕೈ ಕೂಡ ತೊಳೆಯದೆ ಓಡಿದಳು.

ಈಗ ಮೇಜಿನ ಮುಂದೆ ನಿಂತು ಅಂಬಕ್ಕ ಮೆಲ್ಲಗೆ ಹೇಳಿದಳು: “ಆ ಒಂದ ವರ್ಷ ಬಿಟ್ಟು ಉಳದದ್ದಕ್ಕೆಲ್ಲಾ ಹಾಕತೀನ್ರಿ ಸರ್. ಪರ್ಮನೆಂಟೂ ಬ್ಯಾಡ್ರಿ ನನಗ. ಆ ಒಂದ ದಿನ ಬಿಡ್ರಿ.”

“ಏನ್ ಸಂತ್ಯಾಗ ಬದನಿಕಾಯಿ ಆರಸಾಕ ಬಂದೀಯೇನ? ರಿಜಿಸ್ಟರ್‌ದಾಗ ಅವತ್ತ ನಿನ್ನ ಹೆಸರಿಲ್ಲ. ಮನ್ಯಾಗ ಇದ್ದಿ.”

“ಮನ್ಯಾಗ ಇದ್ದಿದ್ರ ನನ್ನ ಕೂಸು ಉಳೀತಿತ್ತೋ ಭಾಡ್ಯಾ!”

 ಸಾಹೇಬರು ತಲೆಯೆತ್ತಿ ಏನದು ಎಂದು ತೆಲುಗಿನಲ್ಲಿ ಕೇಳಿದರು. ಮಹೇಶಕುಮಾರ ಅವರ ಕಿವಿಯಲ್ಲಿ ಏನೋ ಹೇಳಿ ನಕ್ಕ. ಆಮೇಲೆ ನನ್ನ ಕಡೆ ತಿರುಗಿದ.

“ಏ ವಿಶಾಲಾಕ್ಷಿ, ನೀನೂ ಅದs ವಾರ್ಡಿನಾಕಿ. ಅವತ್ತ ಇಕಿ ಬಂದಿದ್ಲೇನು?”

ನನ್ನ ಕೈಯಲ್ಲಿ ಹೊಸ ಆರ್ಡರ್ ಇತ್ತು.

“ನೆನಪಿಲ್ರಿ ಸರ್.”

ಅಂಬಕ್ಕ ನನ್ನನ್ನು ನೋಡಿದಳು. “ಇರ್ಲಿ ಬಿಡ ತಂಗಿ, ನಿನಗೂ ಹೊಟ್ಟಿ ಐತಿ,” ಅಂದಳು. ಮುಖಕ್ಕೆ ಉಗಿದಿದ್ದರೂ ಅಷ್ಟು ಸಂಕಟವಾಗುತ್ತಿರಲಿಲ್ಲ. ನನಗೆ ನನ್ನ ಮೇಲೇ ಹೇಸಿಗೆ ಬಂತು.

ಅವಳು ಕಾಗದವನ್ನು ತಿರುವಿ ಹಾಕಿ, ಮೇಜಿಗೆ ಬಾಗಿ, ಹಿಂಬದಿಗೆ ಬರೆಯತೊಡಗಿದಳು. ಊರಿನಲ್ಲಿ ಮೂರನೇ ಇಯತ್ತೆವರೆಗೆ ಕಲಿತ ಕನ್ನಡ. ಒಂದೊಂದು ಅಕ್ಷರಕ್ಕೂ ಹೊತ್ತು ಹಿಡಿಯಿತು. ಕೆಳಗೆ ಸಹಿ ಹಾಕಿ ಮುಂದೆ ತಳ್ಳಿದಳು. ಮಹೇಶಕುಮಾರ ಹಿಂದೆ ಮುಂದೆ ಮಾಡಿ ನೋಡಿದ, ತಿಳಿಯಲಿಲ್ಲ. ಸಾಹೇಬರು ಅದನ್ನು ನನ್ನ ಕೈಗೆ ಕೊಟ್ಟು, ಏನು ಬರೆದಿದ್ದಾಳೆ, ತೆಲುಗಿನಲ್ಲಿ ಓದಿ ಹೇಳು ಅಂದರು.

ಓದಿದೆ. ಎಲ್ಲರಿಗೂ ಕೇಳುವ ಹಾಗೆ, ತೆಲುಗಿನಲ್ಲಿ.

‘ಆ ಏಪ್ರಿಲ್ ಒಂದಕ್ಕ ನಾ ದವಾಖಾನ್ಯಾಗ ಕೆಲಸ ಮಾಡಾಕತ್ತಿದ್ದೆ. ನನ್ನ ಮಗಳು ಭಕ್ತಿ ಮನ್ಯಾಗ ಒಬ್ಬಾಕೀನs ಸತ್ತಳು. ಇದು ಖರೆ.’

ಅಷ್ಟೇ ಇತ್ತು. ಫೋನ್ ಎತ್ತಿದವರ ಹೆಸರನ್ನು ಅವಳು ಬರೆದಿರಲಿಲ್ಲ. ನನ್ನನ್ನು ಉಳಿಸಿದ್ದಳು.

ನಾನು ಕಾಗದದಿಂದ ಕಣ್ಣು ತೆಗೆಯದೆ ಮುಂದುವರಿಸಿದೆ. ಫೋನ್ ಬಂದಾಗ ಎತ್ತಿದ್ದು ವಿಶಾಲಾಕ್ಷಿ, ಅವಳೂ ಅವತ್ತು ಇದೇ ವಾರ್ಡಿನಲ್ಲಿ ಕೆಲಸಕ್ಕಿದ್ದಳು, ಅವಳ ಹಾಜರಿಯನ್ನೂ ಯಾರೂ ಹಾಕಲಿಲ್ಲ ಎಂದೆ.

“ಇಷ್ಟೆಲ್ಲಾ ಬರದಾಳೇನು ಇಕಿ?” ಮಹೇಶಕುಮಾರ ಎದ್ದು ನಿಂತ.

“ಆಕಿ ಬರದಿಲ್ಲ. ನಾ ಹೇಳಾಕತ್ತೀನಿ.”

 ಸಾಹೇಬರು ನನ್ನ ಕೈಯಲ್ಲಿದ್ದ ಆರ್ಡರಿಗಾಗಿ ಕೈ ಚಾಚಿದರು. ಕೊಟ್ಟೆ.