ಪಾಂಫಿಲನ ಬ್ರೇಕು

ನಿಲ್ಲುವ ಮುನ್ನ, ಕೊನೆಯ ಎರಡು ಮಾರು ದೂರದಲ್ಲಿ, ಬ್ರೇಕ್ ಪೆಡಲ್ ನನ್ನ ಪಾದವನ್ನು ಹಿಂದಕ್ಕೆ ತಳ್ಳಿತು. ಗಡಗಡ ಎಂದು, ಕೆಳಗಿನಿಂದ ಇನ್ನೊಬ್ಬರು ಕಾಲು ಕೊಟ್ಟ ಹಾಗೆ. ಕಾರು ವೆತೂರಿಯಕ್ಕನ ಗೇಟು ದಾಟಿದ ಮೇಲೆ ನಿಂತಿತು.

"ನೋಡಿದ್ಯಾ?" ಎಂದಳು ಅವಳು ಗೇಟಿನ ಬಳಿಯಿಂದ. "ಕನಸಲ್ಲೂ ಹಿಂಗೇ ದಾಟ್ಕೊಂಡು ಹೋಗ್ತಾನೆ. ನನ್ನ ಕಡೆ ನೋಡ್ತಾನೆ, ನಿಲ್ಲಿಸೋಕೆ ಮಾತ್ರ ಆಗಲ್ಲ."

ಅವಳ ಗಂಡ ಪಾಂಫಿಲ್ ತೀರಿಕೊಂಡು ಮರುದಿನ ಶನಿವಾರಕ್ಕೆ ನಲವತ್ತು ದಿನ. ಜನವರಿಯಲ್ಲಿ ಸುಣ್ಣದ ಗೂಡಿನ ತಿರುವಿನಲ್ಲಿ ಕಾರು ಹಿಮದ ಮೇಲೆ ಮೆಲ್ಲಗೆ ಜಾರಿ, ಅಂಚಿನ ಕಲ್ಲಿಗೆ ತಾಗಿ ನಿಂತಿತ್ತು. ಬಂಪರ್ ಕೂಡ ಒಡೆದಿರಲಿಲ್ಲ. ಹೃದಯ ನಿಂತಿದೆ ಎಂದು ವೈದ್ಯರು ಬರೆದರು. ಹೃದಯ ಮೊದಲು ನಿಂತಿತೋ, ಕಾರು ಮೊದಲು ಜಾರಿತೋ, ಅದನ್ನು ಯಾರೂ ಬರೆಯಲಿಲ್ಲ.

ನಲವತ್ತನೆಯ ದಿನ ಸತ್ತವರ ಹೆಸರಿನಲ್ಲಿ ಏನಾದರೂ ದಾನ ಕೊಡಬೇಕು. ಇಲ್ಲಿ ಕೊಟ್ಟದ್ದು ಅಲ್ಲಿ ಅವರಿಗೆ ಸಿಗುತ್ತದೆ, ಕೊಟ್ಟ ಸ್ಥಿತಿಯಲ್ಲೇ ಸಿಗುತ್ತದೆ. ಹಾಗಾಗಿ ಮುಕ್ಕಾದ ಲೋಟವನ್ನು ಯಾರೂ ಕೊಡುವುದಿಲ್ಲ. ವೆತೂರಿಯಕ್ಕ ಕಾರನ್ನೇ ತನ್ನ ತಮ್ಮನಿಗೆ ಕೊಡುವವಳಿದ್ದಳು.

"ಮಾವ ಸತ್ತಾಗ ನಮ್ಮತ್ತೆ ಅವರ ಕೆಟ್ಟ ಗಡಿಯಾರಾನೇ ಕೊಟ್ಬಿಟ್ಟಿದ್ರು. ವರ್ಷಪೂರ್ತಿ ಮಾವ ಕನಸಲ್ಲಿ ಬಂದು ಗಂಟೆ ಎಷ್ಟು ಅಂತ ಕೇಳ್ತಿದ್ರಂತೆ. ನನಗೆ ಆ ಕಾಟ ಬೇಡಪ್ಪ. ನೀನು ಬ್ರೇಕ್ ಸರಿ ಮಾಡು, ಸಾಬಿನ್."

ಕಾರನ್ನು ಅಂಗಳಕ್ಕೆ ತಂದೆ. ಪಕ್ಕದ ಸೀಟಿನ ಮೇಲೆ ಪಾಂಫಿಲನ ಕುರಿತೊಗಲ ಟೋಪಿ ಹಾಗೇ ಇತ್ತು. ಅದನ್ನು ಮುಟ್ಟಲು ನನಗೆ ಧೈರ್ಯವಾಗಲಿಲ್ಲ.

ಹಗಲು ನಾನು ನೀರಿನ ಪಂಪುಮನೆಯಲ್ಲಿ ಕೆಲಸ ಮಾಡುತ್ತೇನೆ. ವಾಹನದ ವಿದ್ಯುತ್ ಕೆಲಸವನ್ನು ಎರಡು ವರ್ಷ ಸಂಜೆ ತರಗತಿಯಲ್ಲಿ ಕಲಿತೆ. ಅದಕ್ಕೇ ಪಾಂಫಿಲ್ ನನ್ನನ್ನು ಪ್ರೊಫೆಸರ್ ಎಂದು ಕರೆಯುತ್ತಿದ್ದ. ಪಾಸಾದ ದಿನ ನಟ್ಟು, ಬೋಲ್ಟು ಹಾಕಿಡಲು ಒಂದು ಅಯಸ್ಕಾಂತದ ತಟ್ಟೆ ಉಡುಗೊರೆ ಕೊಟ್ಟಿದ್ದ.

ಮೊದಲು, ಬ್ರೇಕ್ ಒತ್ತಿದಾಗ ಚಕ್ರ ಜಾರದಂತೆ ನೋಡಿಕೊಳ್ಳುವ ಎಬಿಎಸ್ಸಿನ ಫ್ಯೂಸ್ ತೆಗೆದು ಓಡಿಸಿ ನೋಡಿದೆ. ಪೆಡಲ್ ತಳ್ಳಲಿಲ್ಲ. ಅಂದರೆ ಬ್ರೇಕಿನದು ತಪ್ಪಿಲ್ಲ. ಚಕ್ರ ತಿರುಗುತ್ತಿದ್ದರೂ ನಿಂತುಹೋಗಿದೆ ಎಂದು ಯಾವುದೋ ಸೆನ್ಸರ್ ಸುಳ್ಳು ಹೇಳುತ್ತಿದೆ, ಎಬಿಎಸ್ ಅದನ್ನು ನಂಬಿ ಬ್ರೇಕನ್ನು ಸಡಿಲಿಸುತ್ತಿದೆ. ಫ್ಯೂಸ್ ಮತ್ತೆ ಹಾಕಿದೆ. ಹಾಕಿದೆನೇ ಎಂದು ಇನ್ನೆರಡು ಸಲ ನೋಡಿದೆ.

ದೋಷ ಓದುವ ಸ್ಕ್ಯಾನರ್ ಜೋಡಿಸುವಾಗ ಮೀಟರಿನ ಗಾಜಿನ ಮೇಲೆ ಬೆರಳುಗುರಿನಷ್ಟು ಕಪ್ಪು ಟೇಪು ಕಂಡಿತು. ಕಿತ್ತೆ. ಅಡಿಯಲ್ಲಿ ಎಬಿಎಸ್ಸಿನ ಎಚ್ಚರಿಕೆ ದೀಪ ಹಳದಿಯಾಗಿ ಉರಿಯುತ್ತಿತ್ತು.

ಸ್ಕ್ಯಾನರ್ 'ಮುಂದಿನ ಎಡ ಚಕ್ರ' ಎಂದು ತೋರಿಸಿತು. ನಾನು ಅದೊಂದನ್ನು ಬಿಟ್ಟು ಉಳಿದ ಮೂರನ್ನೂ ಪರೀಕ್ಷಿಸಿದೆ.

"ಎಡದ್ದು ಅಂತ ನಿನ್ನ ಯಂತ್ರ ಹೇಳ್ತಿದೆಯಲ್ಲೋ," ಎಂದಳು ವೆತೂರಿಯಕ್ಕ, ನಾಳೆಯ ನೈವೇದ್ಯಕ್ಕೆ ಗೋಧಿ ಆರಿಸುತ್ತ. "ಅದನ್ನ ಬಿಟ್ಟು ಊರೆಲ್ಲ ಸುತ್ತುತ್ತಿದ್ದೀಯ."

"ಖಾತ್ರಿ ಮಾಡ್ಕೋತಿದ್ದೀನಿ ಅಕ್ಕಾ."

"ಮನೆ ಬೀಗ ನಾಲ್ಕು ಸಲ ಎಳೆದು ನೋಡೋನು ನೀನು. ನಾಳೆ ಪಾದ್ರಿ ಬರೋ ಹೊತ್ತಿಗಾದ್ರೂ ಮುಗಿಸು."

ಎಡ ಚಕ್ರ ಕಳಚಿದೆ. ಸೆನ್ಸರ್ ಒರೆಸಿ ಅಳೆದೆ, ಸರಿಯಾಗಿತ್ತು. ಉದ್ದದ ಬೋಲ್ಟು ಹಾಕಿ ತಿರುವಿ ತಿರುವಿ ಬೇರಿಂಗನ್ನು ಹೊರಗೆಳೆದೆ. ಅದರ ಮುಖದ ಕಪ್ಪು ಉಂಗುರದಲ್ಲಿ ಸಣ್ಣ ಸಣ್ಣ ಅಯಸ್ಕಾಂತಗಳಿರುತ್ತವೆ, ಸೆನ್ಸರ್ ಅವನ್ನೇ ಎಣಿಸುತ್ತದೆ. ಮೇಲೆ ಕಾಗದ ಇಟ್ಟು ಕಬ್ಬಿಣದ ಪುಡಿ ಉದುರಿಸಿದೆ. ಬಾಚಣಿಗೆಯ ಹಲ್ಲಿನಂತೆ ಸಾಲು ಮೂಡಿತು. ಒಂದು ಕಡೆ ಮಾತ್ರ ಏನೂ ಮೂಡಲಿಲ್ಲ, ಹೆಬ್ಬೆರಳಿನಷ್ಟು ಜಾಗ ಬರಿದಾಗಿತ್ತು.

ಚೀಲದಿಂದ ಹೊಸ ಬೇರಿಂಗ್ ತೆಗೆದೆ. ಗೋಧಿ ಆರಿಸುತ್ತಿದ್ದ ಕೈ ನಿಂತಿತು.

"ಯಾವ ಚಕ್ರ ಅಂತ ಗೊತ್ತಾಗೋಕೆ ಮೊದಲೇ ಹೊಸದು ತಂದಿದ್ದೀಯಲ್ಲ, ಸಾಬಿನ್?"

ನಿಜ ಹೇಳದೆಯೂ ಇರಬಹುದಿತ್ತು. ಅಂಗಡಿಯವನು ಹೇಳಿದ ಎಂದರೆ ಅವಳು ನಂಬುತ್ತಿದ್ದಳು.

"ನವೆಂಬರಲ್ಲಿ ಈ ಹಳೇದನ್ನ ಹಾಕಿದ್ದು ನಾನೇ ಅಲ್ವಾ ಅಕ್ಕಾ. ಹಾಕೋಕೆ ಮುಂಚೆ ಅವನು ಕೊಟ್ಟ ಅಯಸ್ಕಾಂತದ ತಟ್ಟೇಲಿ ಇಟ್ಟಿದ್ದೆ. ಇಡಬಾರದು. ಇಟ್ಟರೆ ಉಂಗುರ ಸತ್ತುಹೋಗತ್ತೆ. ಮೇಷ್ಟ್ರು ಹೇಳಿದ್ರು, ನನ್ನ ನೋಟ್‌ಬುಕ್ಕಲ್ಲೂ ಇದೆ. ಅವನನ್ನ ಮಣ್ಣು ಮಾಡಿ ಬಂದ ದಿನ ಆ ಪುಟ ತೆಗೆದು ನೋಡ್ದೆ."

"ಅದರಿಂದಾನೇ ಜಾರಿತಾ?"

"ಗೊತ್ತಿಲ್ಲ. ಅದರಿಂದ ಅಲ್ಲ ಅನ್ನೋಕೆ ನನ್ನ ಕೈಲಿ ಆಗಲ್ಲ."

ಅವಳು ಎದ್ದು ಬಂದು ಕಾಗದದ ಮೇಲಿನ ಬರಿಜಾಗವನ್ನು ಬಹಳ ಹೊತ್ತು ನೋಡಿದಳು.

"ಮೀಟರಿನ ದೀಪಕ್ಕೆ ಆ ಟೇಪು ಅಂಟಿಸಿದ್ದು ಅವನೇ," ಎಂದಳು. "ದೀಪ ಹತ್ತಿದೆ, ಸಾಬಿನ್‌ಗೆ ಹೇಳು ಅಂದೆ. ಬೇಡ ಕಣೇ, ಪ್ರೊಫೆಸರು ಒಂದು ವಾರ ನಿದ್ದೆ ಮಾಡಲ್ಲ ಅಂದ." ಹೊಸ ಬೇರಿಂಗ್ ತೋರಿಸಿ ಕೇಳಿದಳು: "ಈಗ ಸರಿಹೋಗತ್ತಾ?"

"ಹೋಗತ್ತೆ."

"ಹಂಗಾದ್ರೆ ಮಾಡು."

ಹೊಸ ಬೇರಿಂಗನ್ನು ಬಟ್ಟೆಯಲ್ಲಿ ಸುತ್ತಿ, ತಟ್ಟೆಯಿಂದ ದೂರ, ನನ್ನ ತೊಡೆಯ ಮೇಲಿಟ್ಟುಕೊಂಡೆ. ಕತ್ತಲಾಗುವುದರೊಳಗೆ ಚಕ್ರ ಕೂಡಿಸಿ ಗೇಟಿನ ಮುಂದೆ ಹತ್ತು ಸಲ ನಿಲ್ಲಿಸಿದೆ. ಹತ್ತು ಸಲವೂ ನಿಂತಿತು. ದೀಪ ಆರಿತ್ತು.

ಶನಿವಾರ ಪ್ರಾರ್ಥನೆ ಮುಗಿದು, ಸಿಹಿ ಗೋಧಿ ಹಂಚಿದ ಮೇಲೆ ಎಲ್ಲರೂ ಅಂಗಳದಲ್ಲಿ ನಿಂತರು. ದಾನದ ವಸ್ತು ಎಂಬ ಗುರುತಿಗೆ ಸ್ಟೀರಿಂಗಿಗೆ ಬಿಳಿ ಟವೆಲ್ ಕಟ್ಟಿತ್ತು. ವೆತೂರಿಯಕ್ಕನ ತಮ್ಮ ತನ್ನ ತಲೆಯ ಟೋಪಿ ತೆಗೆದು ಮುಂದೆ ಬಂದ. ವೆತೂರಿಯಕ್ಕ ಅವನನ್ನು ದಾಟಿ ಬಂದು, ಹಚ್ಚಿದ ಮೇಣದಬತ್ತಿಯನ್ನೂ ಕೀಲಿಯನ್ನೂ ನನ್ನ ಕೈಗಿಟ್ಟಳು.

"ನನಗ್ಯಾಕೆ ಅಕ್ಕಾ? ಬೇಡ."

"ನನ್ನ ತಮ್ಮ ಬ್ರೇಕ್ ಒತ್ತಿದರೆ ಒತ್ತಿದ, ಅಷ್ಟೇ. ನೀನು ಒತ್ತಿದಾಗೆಲ್ಲ ಪಾಂಫಿಲನ್ನ ನೆನೀತೀಯ. ಇಟ್ಕೋ."

ದಾನ ಪಡೆದವರು ಹೇಳಬೇಕಾದ ಮಾತು ಒಂದೇ: ದೇವರು ಅವನನ್ನು ಕ್ಷಮಿಸಲಿ. ಮೂರು ಸಲ ಬಾಯಿ ತೆರೆದ ಮೇಲೆ ಹೇಳಿದೆ.

ಕಾರು ಹತ್ತುವಾಗ ಅವಳು ಕಿಟಕಿಯ ಬಳಿ ಬಗ್ಗಿದಳು.

"ನಿನ್ನೆ ರಾತ್ರಿ ಕನಸಲ್ಲಿ ನಿಲ್ಲಿಸಿದ," ಎಂದಳು ಮೆಲ್ಲಗೆ. "ಗೇಟಿನ ಮುಂದೆ, ಸರಿಯಾಗಿ. ಇಳೀಲಿಲ್ಲ. ಪಕ್ಕದ ಸೀಟಲ್ಲಿದ್ದ ಟೋಪಿ ತೆಗೆದು ಹಿಂದಕ್ಕೆ ಹಾಕಿದ. ಯಾರಿಗೆ ಜಾಗ ಮಾಡ್ತಿದ್ದೀಯ ಅಂತ ನಾನು ಕೇಳಲಿಲ್ಲ."

ಸುಣ್ಣದ ಗೂಡಿನ ತಿರುವಿನ ತನಕ ಹೋಗಿ ಬ್ರೇಕ್ ಒತ್ತಿದೆ. ಪೆಡಲ್ ಗಟ್ಟಿಯಾಗಿ, ಸುಮ್ಮನೆ ನನ್ನ ಕಾಲಡಿ ಇತ್ತು. ಕಲ್ಲಿಗೆ ನಾಲ್ಕು ಹೆಜ್ಜೆ ಮೊದಲೇ ಕಾರು ನಿಂತಿತು. ಒಂದು ಸಲವಾದರೂ ತಳ್ಳಲಿ ಎಂದು ಕಾದೆ. ತಳ್ಳಲಿಲ್ಲ.

ಆಮೇಲೆ ಪಕ್ಕಕ್ಕೆ ನೋಡಿದೆ. ಸೀಟು ಖಾಲಿ ಇತ್ತು. ಟೋಪಿ ಹಿಂದಿನ ಸೀಟಿನಲ್ಲಿತ್ತು. ನಾನೇ ತೆಗೆದಿಟ್ಟಿರಬೇಕು. ಯಾವಾಗ ಎಂದು ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ.