ಲಾರಿಗೆ ಕಟ್ಟಿದ ನೊಗ

ಸಂಕ್ರಾಂತಿ ಕಳೆದು ಕಣದ ಕೆಲಸವೆಲ್ಲ ಮುಗಿದಿತ್ತು. ರಾಗಿ ಹಗೇವು ಸೇರಿತ್ತು, ಹುಲ್ಲು ಮೆದೆಯಾಗಿತ್ತು. ಮಧುರೆ ಹೋಬಳಿಯ ಆ ಸಣ್ಣ ಊರಿನಲ್ಲಿ ಎತ್ತುಗಳಿಗೂ ಮನುಷ್ಯರಿಗೂ ಒಂದಿಷ್ಟು ಕಾಲು ಚಾಚುವ ಕಾಲ. ಅಪ್ಪಯ್ಯಣ್ಣನಿಗೆ ಮಾತ್ರ ಆ ಸುಖ ಸಿಕ್ಕಿರಲಿಲ್ಲ. ಅವನ ಹಿತ್ತಿಲ ಹುಣಸೆ ಮರದ ಕೆಳಗೆ ಒಂದು ಮಿಲಿಟರಿ ಲಾರಿ ನಿಂತಿತ್ತು, ಅದಕ್ಕೆ ನಂಬರು ಇರಲಿಲ್ಲ.

ಲಾರಿ ಅವನದಲ್ಲ, ತಮ್ಮ ಬೈರಣ್ಣನದು. ಮೀಸೆ ಚಿಗುರುವ ವಯಸ್ಸಿನಲ್ಲಿ ಯುದ್ಧಕ್ಕೆ ಸೇರಿ, ಬರ್ಮಾ ಗಡಿಯಲ್ಲಿ ಲಾರಿ ಹೊಡೆದು, ಎಲ್ಲ ಮುಗಿದ ಮೇಲೆ ಊರಿಗೆ ಬಂದವನು ಬೈರಣ್ಣ. ಬಂದವನು ಬಂದಂತಿರಲಿಲ್ಲ. ನೇಗಿಲ ಮೇಣಿ ಹಿಡಿದರೆ ಸಾಲು ಸೊಟ್ಟ. ಮನೆಯೊಳಗೆ ಮಲಗಿದರೆ ನಿದ್ದೆಯಿಲ್ಲ. ಊಟಕ್ಕೆ ಕೂತರೆ ಬಾಗಿಲ ಕಡೆಗೇ ಕಣ್ಣು. ಸರ್ಕಾರ ಮಿಕ್ಕ ಗಾಡಿಗಳನ್ನು ಬೆಂಗಳೂರಿನ ಬ್ರಿಟಿಷರ ದಂಡಿನಲ್ಲಿ ಹರಾಜು ಹಾಕಿದಾಗ, ಕೂಡಿಟ್ಟ ಸಂಬಳವನ್ನೆಲ್ಲ ಸುರಿದು ಈ ಅಮೆರಿಕದ ಲಾರಿ ಕೊಂಡ. ಅಲ್ಲಿಂದ ಮನೆ ಮುಟ್ಟುವ ತನಕ ಮಾತ್ರ ನಡೆಯುವಂಥ ಒಂದು ಚೀಟಿ ಕೊಟ್ಟಿದ್ದರು. ಮನೆ ಮುಟ್ಟಿತು, ಚೀಟಿಯ ಆಯುಸ್ಸು ಮುಗಿಯಿತು, ಟ್ಯಾಂಕಿನ ಪೆಟ್ರೋಲೂ ಮುಗಿಯಿತು. ಅವತ್ತಿನಿಂದ ಬೈರಣ್ಣ ಲಾರಿಯಲ್ಲೇ ಮಲಗುತ್ತಿದ್ದ. ಅಲ್ಲಿ ಅವನಿಗೆ ನಿದ್ದೆ ಬರುತ್ತಿತ್ತು.

ಆಮೇಲೆ ಶುರುವಾಯಿತು ನೋಡಿ ನಂಬರಿಗಾಗಿ ಮೋಟಾರು ಕಚೇರಿಯ ಅಲೆದಾಟ. ಪೆಟ್ರೋಲಿನ ಬದಲು ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸಿನಲ್ಲಿ ಕೆಮ್ಮುತ್ತ ಬೆಂಗಳೂರಿಗೆ ಹೋಗುವುದು, ಜಗಲಿಯಲ್ಲಿ ಕೂರುವುದು, ಹೊತ್ತು ಮುಳುಗಿದ ಮೇಲೆ ಬರುವುದು. ಮೊದಲ ಸಲ ಗುಮಾಸ್ತರು, "ಇದು ದಂಡಿನ ಕಾಗದ, ಇಲ್ಲಿ ನಡೆಯಲ್ಲ," ಎಂದರು. ದಂಡು ದೊರೆಗಳದು, ಪೇಟೆ ಮಹಾರಾಜರದು, ನಡುವೆ ಒಂದು ರಸ್ತೆ. ರಸ್ತೆ ದಾಟಿದರೆ ಕಾಗದ ಯಾಕೆ ಸಾಯಬೇಕು ಎಂಬುದು ಅಪ್ಪಯ್ಯಣ್ಣನಿಗೆ ಹೊಳೆಯಲಿಲ್ಲ. ಅದಕ್ಕೊಂದು ಮೊಹರು ಹಾಕಿಸುವಷ್ಟರಲ್ಲಿ ಹೊಲದಲ್ಲಿ ಅವರೆ ಹೂಬಿಟ್ಟಿತ್ತು. ಇನ್ನೊಂದು ಸಲ ಬಣ್ಣದ ತಕರಾರು. ಸಿಪಾಯಿ ಬಣ್ಣದಲ್ಲಿ ಸಂಸಾರಸ್ಥರ ಗಾಡಿ ಓಡಕೂಡದಂತೆ. ದೊಡ್ಡಬಳ್ಳಾಪುರದಿಂದ ನೀಲಿ ಬಣ್ಣ ತಂದು ಬಳಿದರು. ಹಿಂಬದಿಗೆ ಸಾಲಲಿಲ್ಲ.

"ಹಿಂದ್ಗಡೆ ಯಾರ್ ನೋಡ್ತಾರೆ ಬಿಡಿ," ಎಂದಳು ಅಪ್ಪಯ್ಯಣ್ಣನ ಹೆಂಡತಿ ಮುನಿತಾಯಮ್ಮ. "ಮದ್ವೆ ಗಂಡ್ನೂ ಮುಂದ್ಗಡೆಯಿಂದ್ಲೇ ಅಲ್ವ ನೋಡಾದು?"

ಕೊನೆಗೆ ಬಂದದ್ದು ಗಾಡಿಯನ್ನೇ ತಂದು ತೋರಿಸಬೇಕೆಂಬ ಮಾತು. ತರಲು ಪೆಟ್ರೋಲು ಬೇಕು. ಪೆಟ್ರೋಲಿಗೆ ರೇಷನ್ ಕೂಪನ್ನು ಬೇಕು. ಕೂಪನ್ನಿನ ಕಚೇರಿಯವರು ನಂಬರು ಕೇಳಿದರು. ಅಣ್ಣತಮ್ಮಂದಿರು ಗಾಣದ ಎತ್ತಿನ ಹಾಗೆ ಮತ್ತೆ ಅದೇ ಗುಮಾಸ್ತರ ಮೇಜಿನ ಮುಂದೆ ನಿಂತರು.

"ಸ್ವಾಮಿ, ಎಣ್ಣೆ ಇಲ್ದೆ ಗಾಡಿ ಹೆಂಗ್ ತರಾದು?" ಎಂದ ಅಪ್ಪಯ್ಯಣ್ಣ.

"ಗಾಡಿ ನೋಡದೆ ನಂಬರ್ ಹೆಂಗಯ್ಯ ಕೊಡೋದು?"

"ನಂಬರ್ ಇಲ್ದೆ ಎಣ್ಣೆ ಕೊಡಲ್ಲ ಅಂತಾರಲ್ಲ ಅವ್ರು."

"ಅದು ಅವರ ಕಾನೂನು. ನನ್ನ ಯಾಕೆ ಕೇಳ್ತೀಯ?" ಗುಮಾಸ್ತರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರ ಮೇಜಿನ ತುಂಬ ಇಂಥವೇ ಅರ್ಜಿಗಳಿದ್ದವು. "ನಿಮ್ಮೂರಲ್ಲಿ ಎತ್ತಿಲ್ವೇನಯ್ಯ? ಕಟ್ಟಿ ಎಳ್ಕೊಂಡು ಬಾ ಹೋಗು!"

ಪಕ್ಕದ ಮೇಜಿನವರು ಗೊಳ್ಳೆಂದು ನಕ್ಕರು. ಬೈರಣ್ಣನ ಮುಖ ಇಳಿದುಹೋಯಿತು. ಅಪ್ಪಯ್ಯಣ್ಣ ನಗಲಿಲ್ಲ, ಬೇಸರವನ್ನೂ ಮಾಡಿಕೊಳ್ಳಲಿಲ್ಲ. ಇಷ್ಟು ದಿನದಲ್ಲಿ ಆ ಕಚೇರಿಯಲ್ಲಿ ಅವನಿಗೆ ತಿಳಿಯುವಂತೆ ಹೇಳಿದ ಮಾತು ಅದೊಂದೇ. ಕೈ ಮುಗಿದು, "ಆಗ್ಲಿ ಸ್ವಾಮಿ, ಅಂಗೇ ಮಾಡ್ತೀವಿ," ಎಂದ.

ಆ ಸಂಜೆ ಊರು ಸೇರಿದ ಮೇಲೆ ಬೈರಣ್ಣ ಮುದ್ದೆ ಮುಂದಿಟ್ಟುಕೊಂಡು, "ಸಾಕಣ್ಣ," ಎಂದ. "ನನ್ ಜತೆಗಿದ್ದ ಗೆಣೆಕಾರ ಬೊಂಬಾಯಲ್ಲಿ ಅವ್ನೆ. ಡ್ರೈವರ್ ಕೆಲ್ಸ ಕೊಡಿಸ್ತೀನಿ ಬಾ ಅಂತವ್ನೆ. ಈ ಕಬ್ಬಿಣಾನ ತೂಕಕ್ಕೆ ಹಾಕಿ ಹೊಂಟೋಗ್ತೀನಿ."

ಅವನು ಕೈ ತೊಳೆದು ಲಾರಿಗೆ ಹೋದ ಮೇಲೆ ಮುನಿತಾಯಮ್ಮ, "ಈ ಸಲ ಹೋದ್ರೆ ತಿರ್ಗ ಬರಾಕಿಲ್ಲ ಕಣ್ರೀ ಅವ್ನು," ಎಂದಳು. ಅತ್ತೆ ತೀರಿಕೊಂಡಾಗ ಬೈರಣ್ಣ ಅಂಬೆಗಾಲಿನ ಕೂಸು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಅಪ್ಪಯ್ಯಣ್ಣ ಬಹಳ ಹೊತ್ತು ಎಲೆಯಡಿಕೆ ಜಗಿಯುತ್ತ ಕೂತಿದ್ದ. ಲಾರಿ ಓಡಿದರೂ ಅವನಿಗೆ ಒಂದೇ, ತುಕ್ಕು ಹಿಡಿದರೂ ಒಂದೇ. ತಮ್ಮ ಊರಲ್ಲಿ ನಿಲ್ಲಬೇಕು. ನಂಬರು ಸಿಕ್ಕರೆ ನಿಲ್ಲುತ್ತಾನೆ, ಅಷ್ಟೇ.

"ಬೆಳಿಗ್ಗೆ ಎತ್ಗೆ ಉಳ್ಳಿಕಾಳು ಬೇಯ್ಸು," ಎಂದ.

ಲಾರಿಯ ಮುಂದಿನ ಕೊಕ್ಕೆಗಳಿಗೆ ಗಾಡಿಯ ಹಳೇ ಮೂಕಿಮರ ಕಟ್ಟಿ, ಅದರ ತುದಿಗೆ ನೊಗ ಬಿಗಿದು, ಹಳ್ಳಿಕಾರ್ ಜೋಡಿಯನ್ನು ಹೂಡಿದಾಗ ಊರಿಗೆ ಊರೇ ಬಂದು ನಿಂತಿತ್ತು. ಮುನಿತಾಯಮ್ಮ ಲಾರಿಯ ಮೂತಿಗೂ ಎತ್ತುಗಳ ಹಣೆಗೂ ಒಂದೇ ಬಟ್ಟಲಿನಿಂದ ಕುಂಕುಮ ಇಟ್ಟಳು. ಪಕ್ಕದ ಮನೆಯ ಜವರಪ್ಪ ಬೇಲಿಯಾಚೆಯಿಂದ, "ಏನ್ ಅಪ್ಪಯ್ಯಣ್ಣ, ಜರ್ಮನಿಯೋರು ತಿರ್ಗ ಬಂದ್ರಾ?" ಎಂದು ಕೂಗಿದ.

"ಬಂದ್ರೆ ನಿನ್ನೇ ಮೊದ್ಲು ಕಳಿಸ್ತೀವಿ, ಹೆದ್ರುಕೊಂಡು ಓಡೋಗ್ತಾರೆ," ಎಂದಳು ಮುನಿತಾಯಮ್ಮ.

ಬೈರಣ್ಣ ತಲೆ ಎತ್ತದೆ ಒಳಗೆ ಕೂತು ಸ್ಟೇರಿಂಗ್ ಹಿಡಿದ. ದೊಡ್ಡ ದೊಡ್ಡ ಬೆಟ್ಟ ಹತ್ತಿಸಿದವನಿಗೆ ಎತ್ತಿನ ಬಾಲ ನೋಡಿಕೊಂಡು ಲಾರಿ ಹೊಡೆಯುವ ಗತಿ ಬಂದಿತ್ತು. ಅಪ್ಪಯ್ಯಣ್ಣ ಹಗ್ಗ ಹಿಡಿದು ಮುಂದೆ ನಡೆದ. ಗಾಲಿ ರಬ್ಬರಿನದಾದ್ದರಿಂದ ನೆಲ ಸಮವಾಗಿದ್ದ ಕಡೆ ಎತ್ತುಗಳು ಸಲೀಸಾಗಿ ಎಳೆದವು. ಏರು ಬಂದಲ್ಲಿ ದಾರಿಹೋಕರು ಹೆಗಲು ಕೊಟ್ಟರು. ಇಳಿಜಾರಿನಲ್ಲಿ ಲಾರಿ ಎತ್ತುಗಳ ಮೇಲೆ ಬೀಳದಂತೆ ಬೈರಣ್ಣ ಬ್ರೇಕು ಹಿಡಿದ. ಹೆಸರಘಟ್ಟದ ಕೆರೆ ಏರಿ ಬಂತು, ಹೋಯಿತು. ಜಾಲಹಳ್ಳಿಯಲ್ಲಿ ಮಿಲಿಟರಿ ಷೆಡ್ಡುಗಳು ಖಾಲಿ ಬಿದ್ದಿದ್ದವು. ಗೊರಗುಂಟೆಪಾಳ್ಯದಲ್ಲಿ ಅವರ ರಸ್ತೆ ಹೋಗಿ ದೊಡ್ಡ ರಸ್ತೆಯನ್ನು ಸೇರುತ್ತಿತ್ತು. ಆ ರಸ್ತೆ ಒಂದು ಕಡೆ ಬೆಂಗಳೂರಿಗೆ, ಇನ್ನೊಂದು ಕಡೆ ನೆಲಮಂಗಲ, ತುಮಕೂರು, ಪೂನಾ ದಾಟಿ ಬೊಂಬಾಯಿಗೆ. ಬೈರಣ್ಣ ಆ ಕಡೆಗೊಮ್ಮೆ ನೋಡಿದ್ದನ್ನು ಅಪ್ಪಯ್ಯಣ್ಣ ನೋಡಿದ.

ಯಶವಂತಪುರದ ಗೇಟಿನಲ್ಲಿ ಪೊಲೀಸಿನವನು ಕೈ ಅಡ್ಡ ಹಿಡಿದ. ರಾಮಾಂಜಿನಪ್ಪ ಎಂದು ಅವನ ಹೆಸರು, ಹೊಸಕೋಟೆ ಕಡೆಯವನು.

"ನಂಬರ್ ಎಲ್ಲಯ್ಯ?"

"ಎತ್ತಿನ್ಗಾಡಿಗೆ ಎಂಥ ನಂಬರ್ ಸ್ವಾಮಿ?" ಎಂದ ಅಪ್ಪಯ್ಯಣ್ಣ.

ರಾಮಾಂಜಿನಪ್ಪ ಲಾರಿಯನ್ನು ಒಂದು ಸುತ್ತು ಬಂದ. ಎತ್ತುಗಳನ್ನು ಒಂದು ಸುತ್ತು ಬಂದ. ಒಂದರ ಬೆನ್ನು ಸವರಿದ. ಅವನ ಕಾನೂನಿನಲ್ಲಿ ಇದಕ್ಕೆ ಜಾಗ ಸಿಕ್ಕಲಿಲ್ಲ. ಕೊನೆಗೆ, "ಕತ್ಲಾದ್ರೆ ಗಾಡಿ ಕೆಳಗೆ ಲಾಟೀನು ಕಟ್ಬೇಕು, ಗೊತ್ತೋ ಇಲ್ವೋ?" ಎಂದು ಗದರಿದ.

"ಐತೆ ಸ್ವಾಮಿ," ಎಂದು ಅಪ್ಪಯ್ಯಣ್ಣ ಲಾಟೀನು ಎತ್ತಿ ತೋರಿಸಿದ. ಬುರುಡೆಯಷ್ಟು ದಪ್ಪದ ಎರಡು ದೀಪಗಳನ್ನು ಹೊತ್ತ ಲಾರಿ ಲಾಟೀನಿನ ಬಲದಿಂದ ಗೇಟು ದಾಟಿತು.

ಕಚೇರಿಯ ಮುಂದಿನ ಮರದ ಕೆಳಗೆ ಗಾಡಿ ಬಿಟ್ಟು ಕಾದರು. ಗಾಡಿ ನೋಡಿ ರುಜು ಹಾಕಬೇಕಾದ ಸಾಹೇಬರು ಪ್ರವಾಸದಲ್ಲಿದ್ದರು. ಬುತ್ತಿಯ ರೊಟ್ಟಿ ಕಟ್ಟಿಗೆಯಾಯಿತು, ಎತ್ತಿಗೆ ತಂದ ಹುಲ್ಲು ತಳ ಕಂಡಿತು. ಗುಮಾಸ್ತರು ಕಿಟಕಿಯಿಂದ ನೋಡಿ, "ಇದೇನಯ್ಯ ಈ ಅವತಾರ?" ಎಂದರು. ತಾವೇ ಹೇಳಿದ ಮಾತು ಅವರಿಗೆ ನೆನಪಿರಲಿಲ್ಲ. ಅಪ್ಪಯ್ಯಣ್ಣ ನೆನಪಿಸಲು ಹೋಗಲಿಲ್ಲ.

ಕೊನೆಗೊಂದು ದಿನ ಸಾಹೇಬರು ಬಂದಾಗ ಸಂಜೆಯಾಗುತ್ತಿತ್ತು. ವಯಸ್ಸಾದವರು, ಹೊಟ್ಟೆನೋವಿನವರಂತೆ ಮುಖ. ಎಂಜಿನ್ನಿನ ನಂಬರು ಹುಡುಕಿ ಕಾಗದಕ್ಕೆ ಹೋಲಿಸಿದರು. ಹಿಂಬದಿಯಲ್ಲಿ ಉಳಿದಿದ್ದ ಸಿಪಾಯಿ ಹಸಿರು ನೋಡಿಯೂ ಮುಂದೆ ಹೋದರು. ಬೈರಣ್ಣ ದಂಡಿನ ಪರಿಚಯದವನೊಬ್ಬನಿಂದ ಒಂದು ಸೀಸೆ ಪೆಟ್ರೋಲು ಬೇಡಿ ತಂದಿದ್ದ. ಸುರಿದು ಹಿಡಿ ತಿರುಗಿಸಿದ. ಲಾರಿ ಕೆಮ್ಮಿತು, ಉಸಿರು ಹಿಡಿಯಿತು, ಆಮೇಲೆ ಗುಡುಗಿತು. ಎತ್ತುಗಳು ಗೂಟ ಕಿತ್ತುಕೊಂಡು ನಿಂತವು.

"ಎಡಗಡೆ ಸ್ಟೇರಿಂಗು," ಎಂದರು ಸಾಹೇಬರು. "ಬಲಕ್ಕೆ ತಿರುಗುವಾಗ ಕೈ ತೋರಿಸೋರು ಯಾರು?"

"ನಾನೇ ಸ್ವಾಮಿ," ಎಂದುಬಿಟ್ಟ ಅಪ್ಪಯ್ಯಣ್ಣ.

"ಹತ್ತು."

ಅವನು ಮೋಟಾರು ಹತ್ತಿದ್ದು ಅದೇ ಮೊದಲು. ಬಲಗಡೆ ಕೂತ. ಕಚೇರಿಯ ಬಯಲನ್ನು ಲಾರಿ ಒಂದು ಸುತ್ತು ಬಂತು. ಬೈರಣ್ಣ, "ಈಗ," ಎಂದಾಗಲೆಲ್ಲ ಎತ್ತುಗಳಿಗೆ ಚಾಟಿ ಬೀಸುವಂತೆ ಕೈಯನ್ನು ಹೊರಗೆ ಚಾಚಿದ. ತಮ್ಮ ಹಲ್ಲು ಕಾಣುವಂತೆ ನಕ್ಕ. ಯುದ್ಧದಿಂದ ಬಂದ ಮೇಲೆ ಅಪ್ಪಯ್ಯಣ್ಣ ಅದನ್ನು ನೋಡಿರಲಿಲ್ಲ.

"ಬಲಗಡೆ ಯಾವಾಗ್ಲೂ ಒಬ್ಬ ಇರಬೇಕು, ತಿಳೀತೆ?" ಎಂದು ಸಾಹೇಬರು ರುಜು ಹಾಕಿದರು. "ಎತ್ತಿಗೆ ನೀರು ಕುಡಿಸಿದ್ರೇನಯ್ಯ?" ಎಂದು ಕೇಳಿ, ಉತ್ತರಕ್ಕೆ ನಿಲ್ಲದೆ ಹೋದರು.

ಮರುದಿನ ಬೋರ್ಡು ಬರೆಯುವವನು ನಂಬರು ಬರೆದ. ಮಧ್ಯಾಹ್ನಕ್ಕೆ ಕೂಪನ್ನು ಸಿಕ್ಕಿತು. ಮನೆ ಸೇರಿ ಸ್ವಲ್ಪ ಉಳಿಯುವಷ್ಟು ಪೆಟ್ರೋಲು. ಬೈರಣ್ಣ ಲಾರಿ ಚಾಲೂ ಮಾಡಿ, "ಹತ್ತಣ್ಣ," ಎಂದ.

"ಎತ್ತನ್ನ ಯಾರ್ ಹೊಡ್ಕೊಂಡ್ ಬರ್ತಾರ್ಲಾ? ನೀನು ನಡಿ, ನಾನು ಹಿಂದ್ಗಡೆ ಬತ್ತೀನಿ."

"ಬಲಗಡೆ ಯಾರು?"

"ಒಂದಿನ ಯಾರೂ ಕೇಳಾಕಿಲ್ಲ. ನಡಿ, ನಿಮ್ಮತ್ಗೆ ಕಾಯ್ತಾ ಇರ್ತಾಳೆ."

ಮೂಕಿಮರ, ನೊಗ ಎಲ್ಲವನ್ನೂ ಲಾರಿಗೆ ಹಾಕಿಕೊಂಡು ಬೈರಣ್ಣ ಹೊರಟ. ಧೂಳಿನಲ್ಲಿ ನೀಲಿ ಮರೆಯಾಯಿತು. ಅಪ್ಪಯ್ಯಣ್ಣ ಬರೀ ಎತ್ತುಗಳನ್ನು ಹೊಡೆದುಕೊಂಡು ನಡೆದ. ಹೆಗಲ ಮೇಲೆ ಭಾರವಿಲ್ಲದ ಎತ್ತುಗಳು ಸರಸರ ಹೋಗುತ್ತಿದ್ದವು, ಅವನ ಕಾಲು ಮಾತ್ರ ಸೋತಿತ್ತು. ಸಂಜೆ ಯಶವಂತಪುರದ ಛತ್ರದಲ್ಲಿ ಉಳಿದ. ಕಂಬಳಿ ಹೊದ್ದು ಮಲಗಿದಾಗ ಒಂದು ಯೋಚನೆ ಬಂತು. ಇಷ್ಟು ದಿನ ತಮ್ಮನಲ್ಲಿ ನಂಬರಿರಲಿಲ್ಲ, ಎಣ್ಣೆಯಿರಲಿಲ್ಲ, ಆದ್ದರಿಂದ ಅವನು ಮನೆಯಲ್ಲಿದ್ದ. ಈಗ ಎರಡೂ ಇವೆ. ನಿಲ್ಲಿಸಬೇಕೆಂದು ಎಳೆದು ತಂದದ್ದು, ಅವನು ಹೋಗುವ ದಾರಿಯನ್ನೇ ಅಲ್ಲವೆ?

ಬೆಳಿಗ್ಗೆ ಗೊರಗುಂಟೆಪಾಳ್ಯದ ಕವಲಿನಲ್ಲಿ ನಿಂತು ನೆಲ ನೋಡಿದ. ಮಿಲಿಟರಿ ಚಕ್ರದ ಅಚ್ಚು ಬೇರೆ, ಮೀನಿನ ಮುಳ್ಳಿನಂತೆ. ಇಬ್ಬನಿಗೆ ನೆನೆದ ಧೂಳಿನಲ್ಲಿ ಅದು ಚೆನ್ನಾಗಿ ಮೂಡಿತ್ತು. ತುಮಕೂರಿನ ರಸ್ತೆಗೆ ಹೋಗಿತ್ತು. ಅಪ್ಪಯ್ಯಣ್ಣ ಒಂದು ಕಲ್ಲಿನ ಮೇಲೆ ಕೂತ. ಕಣ್ಣು ಮಂಜಾಯಿತೋ ಏನೋ, ಒರೆಸಿಕೊಂಡು ನೋಡಿದರೆ ಹೆಸರಘಟ್ಟದ ರಸ್ತೆಯಲ್ಲೂ ಅದೇ ಮೀನಿನ ಮುಳ್ಳು. ಅದು ತಮ್ಮನದೋ, ಬೇರೆ ಮಿಲಿಟರಿ ಲಾರಿಯದೋ, ಹೇಳುವವರು ಯಾರು? ಅವನು ತೀರ್ಮಾನಿಸುವ ಮೊದಲೇ ಎತ್ತುಗಳು ಮನೆಯ ದಾರಿ ಹಿಡಿದಿದ್ದವು. ಎದ್ದು ಹಿಂದೆ ಹೋದ.

ಹೆಸರಘಟ್ಟದ ಕೆರೆ ಏರಿಯ ತಿರುವಿನಲ್ಲಿ ಲಾರಿ ನಿಂತಿತ್ತು, ಊರಿನ ಕಡೆಗೆ ಮೂತಿ ಮಾಡಿಕೊಂಡು. ಬೈರಣ್ಣ ಮೆಟ್ಟಿಲ ಮೇಲೆ ಕೂತು ಬೀಡಿ ಸೇದುತ್ತಿದ್ದ. ಅಣ್ಣನನ್ನು ಕಂಡು ಬೀಡಿ ಎಸೆದ.

"ಎಣ್ಣೆ ಮುಗೀತಣ್ಣ."

"ಮನೆ ಗಂಟ ಬರೋಷ್ಟು ಇತ್ತಲ್ಲ?"

ಬೈರಣ್ಣ ಕೆರೆಯ ಕಡೆ ನೋಡಿದ. "ಮಾದಾವರದ್ ತಂಕ ಹೋಗಿದ್ದೆ."

ಮಾದಾವರ ತುಮಕೂರಿನ ರಸ್ತೆಯಲ್ಲಿದೆ. ಅಪ್ಪಯ್ಯಣ್ಣ ಎತ್ತುಗಳನ್ನು ನೀರಿಗೆ ಬಿಟ್ಟ.

"ತಿರುಗಿಸ್ಬಿಟ್ಟೆ," ಎಂದ ಬೈರಣ್ಣ. "ಬಲಗಡೆ ಕೂರಾಕೆ ಯಾರೂ ಇರ್ಲಿಲ್ಲ."

ಅಪ್ಪಯ್ಯಣ್ಣ ಲಾರಿಯ ಹಿಂಬದಿಗೆ ಹೋದ. "ನೊಗ ಇಳ್ಸು ಕಣ್ಲಾ," ಎಂದ.

ಇಬ್ಬರೂ ಸೇರಿ ಮೂಕಿಮರ ಬಿಗಿದರು. ಹಗ್ಗದ ಗಂಟು ಹಾಕುತ್ತ ಬೈರಣ್ಣ ಹೊಸ ನಂಬರಿನ ಮೇಲೆ ಕೂತ ಧೂಳನ್ನು ತೋಳಿನಿಂದ ಒರೆಸಿ, "ಅಣ್ಣ, ನಂಬರ್ ಇರೋ ಮೋಟಾರಿಗೆ ಎತ್ತು ಕಟ್ಟಿದ್ರೆ ತಪ್ಪಾಗ್ತದೇನೋ," ಎಂದ.

"ಕೇಳಿದ್ರೆ ನೋಡ್ಕೊಳ್ಳಾನ," ಎಂದು ಅಪ್ಪಯ್ಯಣ್ಣ ಹಗ್ಗ ಹಿಡಿದು ಮುಂದೆ ನಡೆದ. ಕಾಲು ನೋಯುತ್ತಿತ್ತು. ಹಿಂದೆ ಚಕ್ರ ಕಿರುಗುಟ್ಟಿ ಉರುಳತೊಡಗಿತು.