ಆರದ ಕಲ್ಲು

ಹಸಿ ಸಿಮೆಂಟು ಬಿಸಿಯಾಗುತ್ತದೆ. ಇದನ್ನು ಹಿತೇಶನಿಗೆ ಯಾವ ಮಾಸ್ಟ್ರೂ ಕಲಿಸಿದ್ದಲ್ಲ. ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಟೈಲ್ಸ್ ಕೆಲಸಕ್ಕೆ ಇಳಿದವನಿಗೆ ಅವನ ಅಂಗೈಯೇ ಕಲಿಸಿದ್ದು. ಹಾಗಾಗಿ ಅಡುಗೆಮನೆಯಲ್ಲಿ ತಾನೇ ಕೂರಿಸಿದ ಕಪ್ಪು ಗ್ರಾನೈಟ್ ಸ್ಲ್ಯಾಬು ಬೆಚ್ಚಗಿದೆ ಎಂದು ಗೊತ್ತಾದಾಗ ಅವನು ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಸಿಮೆಂಟಿನ ಬಿಸಿ ಎಷ್ಟು ದಿನದ್ದು? ವಾರ ಕಳೆಯಿತು. ಆಟಿ ತಿಂಗಳ ಮಳೆಗೆ ಗೋಡೆ ಬೆವರಿತು, ಕರಣೆಗೆ ತುಕ್ಕು ಹಿಡಿಯಿತು, ಒಣಗಲು ಹಾಕಿದ ಚಡ್ಡಿಯಲ್ಲಿ ಬೂಸ್ಟು ಬಂತು. ಸ್ಲ್ಯಾಬು ಮಾತ್ರ ಆರಲಿಲ್ಲ. ಅದೂ ಇಡೀ ಸ್ಲ್ಯಾಬಲ್ಲ, ಮೊರದಷ್ಟು ಅಗಲದ ಒಂದು ಜಾಗ. ಹಿಂದೆ ಒಲೆ ಇದ್ದ ಜಾಗ.

ಆ ಒಲೆ ಅಜ್ಜಿ ಅಪ್ಪಿಯದ್ದು. ಗ್ಯಾಸಿನ ಅನ್ನ ಮೈಗೆ ಹಿಡಿಯುವುದಿಲ್ಲ ಎಂದು ಸಾಯುವ ತನಕ ಹಟ ಮಾಡಿದ ಮುದುಕಿ. ಹಟ ಅವಳದ್ದು, ಊದುವ ಬಾಯಿ ಸೊಸೆಯದ್ದು. ಅಪ್ಪಿ ಮಣೆಯ ಮೇಲೆ ಕಾಲು ಚಾಚಿ ಕೂತು, "ಊದು ಜಯಾ, ಊದು" ಎನ್ನುವಳು. ಹಿತೇಶನ ತಾಯಿ ಜಯ ಕಬ್ಬಿಣದ ಊದುಗೊಳವೆ ಹಿಡಿದು ಹಸಿ ಸೌದೆಗೆ ಊದುವಳು. ಹಾಗೆ ಊದಿ ಊದಿಯೇ ಅವಳ ಎದೆ ಸುಯ್ ಸುಯ್ ಅನ್ನತೊಡಗಿದ್ದು. ಇನ್ನು ಹೊಗೆ ಕುಡಿದರೆ ಎದೆ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿ ಆಗಿತ್ತು. ಹೋದ ಮಳೆಗಾಲದಲ್ಲಿ ಅಪ್ಪಿ ಸತ್ತಳು. ಸತ್ತ ಮೇಲೂ ಜಯ ಬೆಳಗಾದರೆ ಒಲೆಯ ಮುಂದೆ ಹೋಗಿ ಕೂರುತ್ತಿದ್ದಳು, ಅತ್ತೆ ಈಗ ಬೈಯುತ್ತಾರೆ ಎಂಬ ಹಾಗೆ.

ಹಿತೇಶನಿಗೆ ನೋಡಿ ಸಾಕಾಯಿತು. ಅಮ್ಮನನ್ನು ಪಣಂಬೂರಿನ ಚಿಕ್ಕಮ್ಮನ ಮನೆಗೆ ಕಳಿಸಿ ಸುತ್ತಿಗೆ ಎತ್ತಿಕೊಂಡ. ಒಂದೊಂದು ಏಟಿಗೆ ಒಂದೊಂದು ಬೈಗುಳ. ಬದುಕಿದ್ದಾಗ ಮುದುಕಿಗೆ ಹೇಳಲಾಗದೆ ಉಳಿದದ್ದೆಲ್ಲ ಒಲೆಗೆ ಹೇಳಿದ.

ಮಳೆಗಾಲದಲ್ಲಿ ಕೆಲಸವಿಲ್ಲ, ಕೈ ಖಾಲಿ. ಆದ್ದರಿಂದ ಹೊಸತು ಎಂದು ಅವನು ತಂದದ್ದು ಸಿಮೆಂಟು ಮಾತ್ರ. ಸ್ಲ್ಯಾಬು ವಾಚಿನ ಅಂಗಡಿಯ ಇರ್ವಿನ ಬಿಜೈಯ ತನ್ನ ಹಳೇ ಮನೆ ಕೆಡವುವಾಗ ಪುಕ್ಕಟೆ ಸಿಕ್ಕಿದ್ದು. ಒಡೆದ ಒಲೆಯ ಕಲ್ಲುಮಣ್ಣು ಸಾಗಿಸಲು ಟೆಂಪೋಗೆ ಯಾಕೆ ದುಡ್ಡು ಸುರಿಯಬೇಕು ಎಂದು ಅದನ್ನೆಲ್ಲ ಬೂದಿ ಸಮೇತ ಆ ಜಾಗಕ್ಕೇ ತುಂಬಿ, ಗಿಡಿದು, ಕಟ್ಟೆ ಮಾಡಿದ. ಮೇಲಿನ ಕಾಂಕ್ರೀಟಿಗೆ ಒಂದು ಸರಳು ಕಡಿಮೆ ಬಿತ್ತು. ಮೂಲೆಯಲ್ಲಿ ಬಿದ್ದಿದ್ದ ಊದುಗೊಳವೆಯನ್ನೇ ಅದರೊಳಗೆ ಇಟ್ಟು ಹುಗಿದ. ಗೇಣುದ್ದದ ತುದಿ ಸ್ಲ್ಯಾಬಿನ ಕೆಳಗೆ ಹೊರಗೆ ಚಾಚಿಕೊಂಡಿತು. ಕೊಯ್ಯುವ ಮೆಷಿನ್ನಿನ ಬ್ಲೇಡು ಸವೆದಿತ್ತು. ಆಮೇಲೆ ಕೊಯ್ದರಾಯಿತು ಎಂದು ಕೈ ಒರೆಸುವ ಬಟ್ಟೆಯನ್ನು ಆ ಕೊಳವೆಯ ಬಾಯಿಗೆ ಸಿಕ್ಕಿಸಿದ.

ಸ್ಲ್ಯಾಬು ಕೂರಿಸಿ ವಾರವಾದ ಮೇಲೆ ಪಕ್ಕದ ಮನೆಯ ನೋಣಯ್ಯ ಕೊಡೆ ಹಿಡಿದು ಬಂದು ಕಿಟಕಿಯಲ್ಲಿ ಇಣುಕಿದರು.

"ಎಂತ ಮಾರಾಯ, ಆಟಿಯಲ್ಲಿ ಯಾರಾದ್ರೂ ಮನೆ ಕೆಲಸ ಮಾಡ್ತಾರಾ?"

"ಬೇರೆ ತಿಂಗಳಲ್ಲಿ ನೀವು ಬಂದು ಮಾಡಿ ಕೊಡ್ತೀರಾ ಮಾವ?"

"ಬಾಯಿಗೇನೂ ಕಮ್ಮಿ ಇಲ್ಲ ನಿನಗೆ. ಸತ್ತವರು ಮನೆಗೆ ಬರುವ ತಿಂಗಳು ಇದು. ಅಪ್ಪಿಯಕ್ಕನಿಗೆ ಎಲೆ ಹಾಕಿ ಆಯ್ತಾ?"

"ಇದ್ದಾಗ ನನ್ನ ಅಮ್ಮನ ಉಸಿರು ತಿಂದದ್ದು ಸಾಕು. ಈಗ ಕೋಳಿ ಸಾರು ಬೇರೆ ಬಡಿಸ್ಬೇಕಾ?"

ನೋಣಯ್ಯ ಎಲೆಯಡಿಕೆ ಉಗಿದು ಬಂದು, ಕಿಟಕಿಯೊಳಗೆ ಕೈ ಚಾಚಿ ಸ್ಲ್ಯಾಬು ಮುಟ್ಟಿದರು. ಮುಟ್ಟಿದ ಕೈ ತಟ್ಟನೆ ಹಿಂದೆ ಹೋಯಿತು. "ಈ ಕಲ್ಲು ಯಾರ ಮನೆಯದ್ದು?"

"ಇರ್ವಿನಣ್ಣನದ್ದು."

"ಅವರ ತಾಯಿ ಗೆರ್ಟ್ರೂಡ್ ಬಾಯಿ ತೀರಿಕೊಂಡದ್ದು ಆ ಮನೆಯಲ್ಲೇ ಅಲ್ವಾ? ಹೋಯ್ತು. ಕಲ್ಲಿನ ಒಟ್ಟಿಗೆ ಗೆರ್ಟ್ರೂಡ್ ಬಾಯಿಯೂ ಬಂದಿದ್ದಾರೆ."

"ಬರ್ಲಿ. ಮಸಾಲೆ ಅರೆದು ಕೊಡ್ಲಿ" ಎಂದು ಹಿತೇಶ ಕಿಟಕಿ ಎಳೆದುಕೊಂಡ.

ಮನೆ ಇದ್ದದ್ದು ನಂತೂರಿನ ಹೆದ್ದಾರಿಗೆ ತಾಗಿ. ದೊಡ್ಡ ಲಾರಿ ಹೋದರೆ ಪಾತ್ರೆಗಳು ಮಾತಾಡುತ್ತವೆ, ಹಂಚು ನಡುಗುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಡುಗೆಮನೆಯಿಂದ 'ಹುಸ್ಸ್... ಹುಸ್ಸ್...' ಎಂಬ ಸದ್ದು ಬರತೊಡಗಿದಾಗ ಅವನು ಅದನ್ನು ಲಾರಿಯ ಏರ್‌ಬ್ರೇಕಿನ ಲೆಕ್ಕಕ್ಕೆ ಹಾಕಿದ್ದ. ಒಂದು ದಿನ ಸರ್ಕಲಿನಲ್ಲಿ ಕಂಟೇನರೊಂದು ಮಗುಚಿ ಬಿತ್ತು. ಎರಡೂ ಕಡೆ ಗಾಡಿಗಳು ನಿಂತವು. ಸ್ವಲ್ಪ ಹೊತ್ತು ಹಾರ್ನು ಬಡಿದು ಬಡಿದು ಡ್ರೈವರುಗಳಿಗೂ ಸಾಕಾಗಿ ಎಂಜಿನ್ ಬಂದ್ ಮಾಡಿದರು. ಮಳೆಯೂ ಬಿಟ್ಟಿತ್ತು. ಹುಟ್ಟಿದ ಲಾಗಾಯ್ತು ಹಿತೇಶ ಆ ಮನೆಯಲ್ಲಿ ಅಂಥ ಮೌನ ಕೇಳಿರಲಿಲ್ಲ.

ಹುಸ್ಸ್... ಹುಸ್ಸ್...

ಅವನು ಬಗ್ಗಿ ನೋಡಿದ. ಕೊಳವೆಯ ಬಾಯಿಗೆ ಸಿಕ್ಕಿಸಿದ್ದ ಬಟ್ಟೆ ಒಳಕ್ಕೆ ಹೋಗುತ್ತಿತ್ತು. ಒಳಗಿನಿಂದ ಯಾರೋ ಎಳೆದ ಹಾಗೆ ಬಟ್ಟೆಯ ನಡು ಕೊಳವೆಯೊಳಗೆ ಕುಳಿ ಬೀಳುತ್ತಿತ್ತು, ಸಡಿಲವಾಗುತ್ತಿತ್ತು, ಮತ್ತೆ ಕುಳಿ ಬೀಳುತ್ತಿತ್ತು. ಹಸಿ ಮೊಲೆಗೂಸು ಹಾಲು ಚೀಪುವ ಹಾಗೆ. ಕೊಳವೆಯ ಆ ಕಡೆಯ ತುದಿ ಕಾಂಕ್ರೀಟಿನೊಳಗೆ ಕುರುಡಾಗಿದೆ ಎಂಬುದು ಹುಗಿದವನಿಗಲ್ಲದೆ ಇನ್ನಾರಿಗೆ ಗೊತ್ತು?

ಹೆದರಿಕೆಯಾದರೆ ಹಿತೇಶನಿಗೆ ಸಿಟ್ಟು ಬರುತ್ತದೆ. ದಾರಿ ಬಿಟ್ಟ ಕೂಡಲೇ ಸಿಟ್ಟಿನಲ್ಲೇ ಬಸ್ಸು ಹತ್ತಿ ಹಂಪನಕಟ್ಟೆಯಲ್ಲಿ ಇಳಿದು, ಇರ್ವಿನನ ವಾಚಿನ ಅಂಗಡಿಗೆ ಒದ್ದೆ ಕಾಲಲ್ಲೇ ನುಗ್ಗಿದ.

"ನಿಮ್ಮ ಕಲ್ಲು ನಿಮಗೇ ಇರ್ಲಿ. ವಾಪಸ್ ತೆಗೊಳ್ಳಿ."

ಇರ್ವಿನ ಕಣ್ಣಿಗೆ ಸಿಕ್ಕಿಸಿದ್ದ ಭೂತಕನ್ನಡಿ ತೆಗೆದ. "ಎಂತಕ್ಕೆ? ಪುಕ್ಕಟೆ ಕೊಟ್ಟದ್ದಕ್ಕೂ ವಾರಂಟಿ ಉಂಟಾ?"

"ಅದು ಬಿಸಿಯಾಗ್ತದೆ. ಒಲೆ ಇಲ್ಲ, ಗ್ಯಾಸ್ ಇನ್ನೂ ಇಟ್ಟಿಲ್ಲ, ಬಿಸಿಯಾಗ್ತದೆ. ನಿಮ್ಮ ಮಮ್ಮಿ..."

ಇರ್ವಿನನಿಗೆ ಅರ್ಥವಾಯಿತು. ನಗಲು ಹೊರಟವನು ನಗಲಿಲ್ಲ. "ಹಿತೇಶ್, ಆ ಕಲ್ಲಿನ ಮೇಲೆ ಬೆಂಕಿಯೇ ಇಟ್ಟದ್ದಿಲ್ಲ ಮಾರಾಯ. ಸಿಂಕಿನ ಬದಿಯದ್ದು ಅದು. ಮೇ ತಿಂಗಳಲ್ಲಿ ಸಹ ಐಸು. ಮಮ್ಮಿಗೆ ತಲೆ ಸಿಡಿದ್ರೆ ಬಗ್ಗಿ ಅದಕ್ಕೇ ಕೆನ್ನೆ ಒರಗಿಸ್ತಿದ್ರು. ಬಿಸಿ ನಮ್ಮ ಮನೆಯದ್ದಲ್ಲ." ಆಮೇಲೆ ಮೆಲ್ಲಗೆ ಕೇಳಿದ. "ಕಲ್ಲಿನ ಅಡಿಗೆ ನೀನು ಎಂತ ಹಾಕಿದ್ದಿ?"

ಹಿತೇಶ ತನ್ನ ಕೈ ನೋಡಿಕೊಂಡು ಹೊರಬಿದ್ದ. ಉತ್ತರ ಅವನ ಉಗುರಿನ ಸಂದಿಯಲ್ಲಿ ಒಲೆಯ ಮಸಿಯಾಗಿ ಕಪ್ಪಗೆ ಕೂತಿತ್ತು.

ಮನೆಗೆ ಬಂದರೆ ಬಾಗಿಲು ತೆರೆದಿತ್ತು. ಜಗಲಿಯಲ್ಲಿ ಅಮ್ಮನ ಚಪ್ಪಲಿ, ಬಾಳೆಲೆ, ಕೋಳಿ ಮಾಂಸದ ಪೊಟ್ಟಣ. ಆಟಿ ಮುಗಿಯುತ್ತ ಬಂತು, ಅತ್ತೆಗೆ ಎಲೆ ಹಾಕದಿದ್ದರೆ ಹೇಗೆ ಎಂದು ಜಯ ಯಾರಿಗೂ ಹೇಳದೆ ರಿಕ್ಷಾ ಹತ್ತಿ ಬಂದಿದ್ದಳು.

"ಚಂದ ಮಾಡಿದ್ದಿ ಮಗಾ" ಎಂಬ ಸ್ವರ ಒಳಗಿನಿಂದ ಬಂತು. "ಎಷ್ಟು ಬೆಚ್ಚಗುಂಟು!"

"ಮುಟ್ಬೇಡ ಅಮ್ಮಾ!"

ಅವನು ಓಡಿದ. ಜಯ ಎರಡೂ ಅಂಗೈಗಳನ್ನು ಸ್ಲ್ಯಾಬಿನ ಮೇಲೆ ಊರಿ ನಿಂತಿದ್ದಳು. ಅವನು ನೋಡುತ್ತಿದ್ದಂತೆ ಅವಳ ತುಟಿಗಳು ತಾವಾಗಿಯೇ ದುಂಡಗಾದವು. ಮೊಣಕಾಲು ಮಡಚಿತು. ಕೊಳವೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಬಟ್ಟೆ ಕಿತ್ತು ಬಾಯಿಟ್ಟು ಅವಳು ಊದತೊಡಗಿದಳು. ಉಸಿರು ಹೋಗುತ್ತಿತ್ತು, ಹೋಗುತ್ತಲೇ ಇತ್ತು, ಒಳಗೆ ಎಳೆದುಕೊಳ್ಳಲು ಕಲ್ಲು ಬಿಡುವು ಕೊಡುತ್ತಿರಲಿಲ್ಲ. ಕಣ್ಣು ಮೇಲಾಯಿತು. ಹಿತೇಶ ಸೊಂಟಕ್ಕೆ ಕೈಹಾಕಿ ಎಳೆದಾಗ ಅವಳ ಬಾಯಿ ಕೊಳವೆಯಿಂದ ಬಿಟ್ಟದ್ದು ಕಷ್ಟದಲ್ಲಿ.

ಜಗಲಿಯಲ್ಲಿ ಅವಳನ್ನು ಮಲಗಿಸಿ, ಅವನು ಸುತ್ತಿಗೆ ಹಿಡಿದು ವಾಪಸು ಬಂದ.

"ಮುದುಕೀ, ಹೊರಗೆ ಬಾ!" ಎಂದು ಬೀಸಿ ಹೊಡೆದ. ಕಲ್ಲಿಗೆ ಏಟು ಬಿದ್ದ ಗಳಿಗೆಯಲ್ಲೇ ಜಗಲಿಯಲ್ಲಿ ಜಯ ಎದೆ ಹಿಡಿದು ಚೀರಿದಳು. ಅವನು ಸುತ್ತಿಗೆ ಇಳಿಸಿದ. ಮತ್ತೊಮ್ಮೆ ಸುತ್ತಿಗೆಯನ್ನು ಬರೇ ತಾಗಿಸಿದ, ಮೆಲ್ಲಗೆ, ಬಾಗಿಲು ತಟ್ಟಿದ ಹಾಗೆ. ಹೊರಗೆ ಅಮ್ಮ ನರಳಿದಳು. ಅಷ್ಟು ವರ್ಷ ಊದಿದ ಉಸಿರೆಲ್ಲ ಎಲ್ಲಿಗೆ ಹೋಗಿತ್ತು? ಈ ಮಣ್ಣಿಗೆ, ಈ ಬೂದಿಗೆ. ಅದನ್ನು ಅವನೇ ಒಂದು ಚೂರೂ ಹೊರಗೆ ಹೋಗದ ಹಾಗೆ ಗಿಡಿದು ತುಂಬಿ, ಸಿಮೆಂಟು ಹೊಡೆದು ಬಿಗಿ ಮಾಡಿದ್ದ.

ಸುತ್ತಿಗೆ ಕೈಯಿಂದ ಜಾರಿತು.

"ಅಜ್ಜೀ" ಎಂದ. ದೊಡ್ಡವನಾದ ಮೇಲೆ ಮುದುಕಿ ಎಂದಲ್ಲದೆ ಹಾಗೆ ಕರೆದದ್ದು ಅವನಿಗೆ ನೆನಪಿಲ್ಲ. "ಅವಳನ್ನು ಬಿಡು. ಇನ್ನು ಅವಳು ಊದುವುದಿಲ್ಲ. ನಿನಗೆ ಬೇಕಾದದ್ದು ಬೆಂಕಿ ತಾನೆ?"

ಅವನು ಮೊಣಕಾಲೂರಿ ಕೊಳವೆಗೆ ಬಾಯಿಟ್ಟ. ಕಬ್ಬಿಣ ಬೆಚ್ಚಗಿತ್ತು. ಮೊದಲ ಉಸಿರನ್ನು ಅವನು ಸಿಟ್ಟಿನಲ್ಲೇ ಊದಿದ. ಎರಡನೆಯದನ್ನು ಅದೇ ಎಳೆದುಕೊಂಡಿತು. ತಲೆ ತಿರುಗಿ ಗೋಡೆ ಹಿಡಿಯುವ ತನಕ ಊದಿದ. ಜಗಲಿಯಲ್ಲಿ ಅಮ್ಮನ ಉಸಿರಿನ ಸುಯ್ ಸುಯ್ ಸಣ್ಣದಾಗುತ್ತ ಆಗುತ್ತ ನಿಂತದ್ದು ಅವನಿಗೆ ಕೇಳಿಸಿತು. ಹಾಗೆ ನಿಂತ ಮೇಲೆ, ಅವಳು ಎಷ್ಟೋ ವರ್ಷಗಳ ನಂತರ ತುಂಬು ಎದೆಯ ಉಸಿರೆಳೆದು, "ಮಗಾ, ಸ್ವಲ್ಪ ನೀರು" ಎಂದಳು.

ಎಲೆಯನ್ನೂ ಹಾಕಿದರು. ಕೋಳಿ ಸಾರು, ರೊಟ್ಟಿ ಬಡಿಸಿ, ಬಾಗಿಲು ಓರೆ ಮಾಡಿ ಹೊರಗೆ ಕೂತರು. ತೆರೆದು ನೋಡಿದರೆ ಎಲೆಯ ಮೇಲಿನದ್ದು ಎಲೆಯ ಮೇಲೆ ಇತ್ತು. ಕಲ್ಲು ಬೆಚ್ಚಗೇ ಇತ್ತು.

ಮಳೆ ಕಳೆದು ಕೆಲಸ ಶುರುವಾಯಿತು. ಈಗ ಅಡುಗೆಮನೆಯಲ್ಲಿ ಗ್ಯಾಸು ಉರಿಯುತ್ತದೆ, ಹೊಗೆಯಿಲ್ಲ, ಜಯ ನಿಂತೇ ಅಡುಗೆ ಮಾಡುತ್ತಾಳೆ. ಮೆಟ್ಟಲು ಹತ್ತಿದರೆ ಏದುಸಿರಿಲ್ಲ. ಹಿತೇಶ ದೂರದ ಕೆಲಸ ಒಪ್ಪಿಕೊಳ್ಳುವುದಿಲ್ಲ. ಎಲ್ಲಿದ್ದರೂ ಮಧ್ಯಾಹ್ನಕ್ಕೆ ಮನೆಗೆ ಬರುತ್ತಾನೆ. ಅಮ್ಮನ ಅಡುಗೆ ತಿನ್ನದೆ ಇವನಿಗಾಗುವುದಿಲ್ಲ ಎಂದು ಜತೆಯವರು ತಮಾಷೆ ಮಾಡುತ್ತಾರೆ. ಅವನು ಬಂದವನೇ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಾನೆ.

ಮೊನ್ನೆ ಬಾಗಿಲು ತೆಗೆದು ಹೊರಬಂದವನು ಕೆಮ್ಮು ಹತ್ತಿ ಜಗಲಿಯಲ್ಲಿ ಕುಸಿದು ಕೂತ.

"ನಿನಗೆಂತಕ್ಕೆ ಮಗಾ ಕೆಮ್ಮು?"

"ಸಿಮೆಂಟಿನ ಧೂಳಮ್ಮ."

ಜಯ ಅವನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದಳು. ತುಟಿಯ ಸುತ್ತ ತುಕ್ಕಿನ ದುಂಡು ಗುರುತು. ಅದು ಅವಳಿಗೆ ಪರಿಚಯದ್ದೇ. ಎಷ್ಟು ವರ್ಷ ಅದನ್ನು ತನ್ನ ಬಾಯಿಯಿಂದ ಒರೆಸಿಕೊಂಡಿದ್ದಳು! ಅವಳು ಸೆರಗಿನ ತುದಿಯಿಂದ ಮಗನ ತುಟಿ ಒರೆಸಿದಳು. ಹೆದ್ದಾರಿಯಲ್ಲಿ ಲಾರಿಯೊಂದು ಹೋಗಿ ಪಾತ್ರೆಗಳೆಲ್ಲ ನಡುಗಿ ಸುಮ್ಮನಾದ ಮೇಲೆ, ಸ್ವರ ತಗ್ಗಿಸಿ ಕೇಳಿದಳು.

"ಅಜ್ಜಿ ನಿನ್ನನ್ನೂ ಬೈತಾರಾ?"

"ಇಲ್ಲಮ್ಮ" ಎಂದ ಹಿತೇಶ. "ನನ್ನನ್ನೂ ಜಯಾ ಅಂತ ಕರೀತಾರೆ."